ಎಡಗೈಯಲ್ಲಿ ಬರೆದ ಪ್ರಾಜೆಕ್ಟ್

ಐದನೇ ತರಗತಿಯ ಹುಡುಗಿಯ ಕನ್ನಡ ಪ್ರಾಜೆಕ್ಟ್ ಮಾಡಿಕೊಡುವುದು ನನಗೆ ಯಾವ ಲೆಕ್ಕ? ಘಾಟಬೋರಾಳದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ನನ್ನ ಕೆಂಪು ಪೆನ್ನಿಗೆ ಹೆದರದ ವಿದ್ಯಾರ್ಥಿ ಹುಮನಾಬಾದ್ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಅಂಥ ನನ್ನನ್ನು ಬಸವಕಲ್ಯಾಣದ ಒಂದು ಇಂಟರ್‌ನ್ಯಾಷನಲ್ ಸ್ಕೂಲು ಐದನೇ ತರಗತಿಯಲ್ಲಿ ಫೇಲು ಮಾಡಿತು! ಈ ಅನ್ಯಾಯವನ್ನು ಮನೆಯಲ್ಲಿ ಹೇಳಿದರೆ ನಗುತ್ತಾರೆ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಸರ್ಕಾರಿ ಮಾಸ್ತರನ ಮಗಳು ಅಲ್ಲೇಕೆ ಓದುತ್ತಾಳೆ ಎಂದು ದಯವಿಟ್ಟು ಕೇಳಬೇಡಿ. ಆ ಪ್ರಶ್ನೆಗೆ ನಮ್ಮ ಹೆಡ್‌ಮಾಸ್ತರರೊಬ್ಬರೇ ಸಾಕು. ಸ್ಕೂಲಿನ ಗೇಟಿನ ಮೇಲೆ ಹನ್ನೆರಡು ದೇಶಗಳ ಬಾವುಟಗಳಿವೆ. ಶಿಕ್ಷಕರಲ್ಲಿ ಅತಿ ದೂರದಿಂದ ಬರುವವರು ಹುಮನಾಬಾದಿನವರು. ಸೋಮವಾರ ಒಂದು ಪ್ರೋಗ್ರಾಂ, ಮಂಗಳವಾರ ಇನ್ನೊಂದು. ಇದೆಲ್ಲ ಸಾಲದೆಂಬಂತೆ ‘ಸ್ಟೂಡೆಂಟ್ ಸಪೋರ್ಟ್’ ಎಂಬ ಬೇರೆ ಕೋಣೆ! ನಮ್ಮ ಕಾಲದಲ್ಲಿ ವಿದ್ಯಾರ್ಥಿಗೆ ಸಪೋರ್ಟ್ ಎಂದರೆ ಬೆಂಚಿನ ಮೇಲೆ ನಿಲ್ಲಿಸಿದಾಗ ಆನಿಕೊಳ್ಳಲು ಒಂದು ಗೋಡೆ. ಅಷ್ಟೇ.

ಈ ಸಲದ ಪ್ರಾಜೆಕ್ಟ್ ಹೀಗಿತ್ತು: ನಿಮ್ಮ ಓಣಿಯಲ್ಲಿ ಕೆಲಸ ಮಾಡುವ ಒಬ್ಬರನ್ನು ಮಾತಾಡಿಸಿ ಬರೆಯಿರಿ, ಚಿತ್ರ ಬಿಡಿಸಿರಿ. ಚೆನ್ನಾಗಿ ಬರೆದವರು ಹುಮನಾಬಾದಿನಲ್ಲಿರುವ ಅದೇ ಸ್ಕೂಲಿನ ಇನ್ನೊಂದು ಶಾಖೆಯ ವೇದಿಕೆಯ ಮೇಲೆ ಅದನ್ನು ಓದಬೇಕು. ನನ್ನ ಮಗಳು ಭಾಗ್ಯಾಳಿಗೆ ಆ ವೇದಿಕೆಯದೇ ಧ್ಯಾನ. ಹಾಕಿಕೊಳ್ಳುವ ಫ್ರಾಕು ಇಸ್ತ್ರಿಯಾಗಿ ಗೂಟಕ್ಕೆ ನೇತಾಡುತ್ತಿತ್ತು. ಕನ್ನಡಿಯ ಮುಂದೆ ನಿಂತು ದಿನಕ್ಕೆ ಹತ್ತು ಸಲ ನಮಸ್ಕಾರ ಮಾಡುತ್ತಿದ್ದಳು.

ಓಣಿಯ ಮೂಲೆಯಲ್ಲಿ ಗಾದಿ ಹೊಲಿಯುವ ಖಾಜಾ ಚಾಚಾನನ್ನು ಮಾತಾಡಿಸಿ ಎರಡು ಪುಟ ಬರೆದಳು. ಓದಿದೆ. ರಕ್ತ ಕುದಿಯಿತು. ಪೀಠಿಕೆ ಇಲ್ಲ! ಗಾದೆಮಾತು ಇಲ್ಲ! ಉಪಸಂಹಾರವಂತೂ ಇಲ್ಲವೇ ಇಲ್ಲ! ಕನ್ನಡ ಮಾಸ್ತರನ ಮನೆಯಿಂದ ಇಂಥ ಪ್ರಬಂಧ ಹೊರಗೆ ಹೋದರೆ ನನ್ನ ಮಾನ ಏನಾಗಬೇಕು?

“ಪೋರಿ ಬರದಿದ್ದು ಚಂದ ಅದರಿ. ಸುಮ್ಮ ನಡುವ ಕೈ ಹಾಕಬ್ಯಾಡ್ರಿ,” ಎಂದಳು ಹೆಂಡತಿ ಸುವರ್ಣಾ.

“ಸಾಹಿತ್ಯ ನಿನಗೇನು ತಿಳೀತದ?” ಎಂದು ನಾನು ಕೈ ಹಾಕಿದೆ.

ಅದೂ ಎಡಗೈ! ನನ್ನ ಮುತ್ತಿನಂಥ ಅಕ್ಷರ ನೋಡಿದರೆ ಯಾರಾದರೂ ಗುರುತು ಹಿಡಿದಾರು. ಆದ್ದರಿಂದ ಮಕ್ಕಳ ಬರಹದಂತೆ ಕಾಣಲಿ ಎಂದು ನಾಲ್ಕು ಪುಟಗಳನ್ನೂ ಎಡಗೈಯಲ್ಲಿ ಬರೆದೆ. ಚಿತ್ರವನ್ನೂ ಎಡಗೈಯಲ್ಲೇ ಬಿಡಿಸಿದೆ. ಚಾಚಾ ಎಲ್ಲಿ ಮುಗಿದು ಹತ್ತಿ ಎಲ್ಲಿ ಶುರುವಾಗುತ್ತದೆ ಎಂಬುದು ಸ್ವಲ್ಪ ಗೊಂದಲವಾಗಿತ್ತು, ನಿಜ. ಆದರೆ ಉಪಸಂಹಾರ ಅಮೋಘ: ‘ಗಾದಿಯ ಮೇಲೆ ಮಲಗಿದವರೂ ಚಾಪೆಯ ಮೇಲೆ ಮಲಗಿದವರೂ ಒಂದು ದಿನ ಮಣ್ಣಿಗೆ ಸೇರುವವರೇ.’

“ಪಪ್ಪಾ, ನಂದೇ ಕೊಡ್ತೀನಿ,” ಎಂದಳು ಭಾಗ್ಯಾ.

“ಇದನ್ನ ಒಯ್ಯಿ. ಯಾರ ಕೇಳಿದ್ರೂ ಪಪ್ಪಾ ಬರದಾರ ಅಂತ ಹೇಳಬ್ಯಾಡ.”

ನಾಲ್ಕು ದಿನಕ್ಕೆ ಸ್ಕೂಲಿನಿಂದ ಪತ್ರ ಬಂತು. ನಿಮ್ಮ ಮಗುವಿನ ಬೆರಳುಗಳಲ್ಲಿ ಶಕ್ತಿ ಕಡಿಮೆ ಇದೆ. ಆಕಾರಗಳನ್ನು ಗುರುತಿಸುವುದು ಕಷ್ಟವಾಗುತ್ತಿದೆ. ಹತ್ತು ವರ್ಷಕ್ಕೇ ಸಾವಿನ ಬಗ್ಗೆ ಬರೆಯುತ್ತಿರುವುದು ಚಿಂತೆಯ ವಿಷಯ. ಸದ್ಯ ಹುಮನಾಬಾದಿನ ಕಾರ್ಯಕ್ರಮದಿಂದ ಬಿಡುವು ಕೊಟ್ಟು, ಮಗುವನ್ನು ಸಪೋರ್ಟ್ ಕೋಣೆಯಲ್ಲಿ ಕೂಡಿಸುತ್ತೇವೆ!

ಭಾಗ್ಯಾ ಅಂದು ಊಟ ಮಾಡಲಿಲ್ಲ. ಎದ್ದು ಗೂಟಕ್ಕಿದ್ದ ಫ್ರಾಕನ್ನು ಮಡಿಸಿ ಟ್ರಂಕಿನಲ್ಲಿಟ್ಟಳು. ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ.

ಮರುದಿನವೇ ರಜೆ ಹಾಕಿ, ಹೆಂಡತಿ ಮಗಳೊಂದಿಗೆ ಸಪೋರ್ಟ್ ಕೋಣೆಗೆ ನುಗ್ಗಿದೆ. ಅಲ್ಲಿದ್ದವರು ಸಂಧ್ಯಾ ಮೇಡಂ, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು.

“ನನ್ನ ಮಗಳಿಗೆ ಏನ್ ಕಮ್ಮಿ ಅದರಿ ಮೇಡಂ?” ಎಂದು ಗುಡುಗಿದೆ.

“ಮೊದಲ ಕೂಡ್ರಿ ಸರ್.”

ಕೂತೆ. ಅದು ಮಕ್ಕಳ ಹಳದಿ ಕುರ್ಚಿ. ಮೊಣಕಾಲು ಗದ್ದಕ್ಕೆ ಬಂದವು. ಆ ಭಂಗಿಯಲ್ಲಿ ಸಿಟ್ಟು ಕಾಪಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಕೂತವರಿಗೇ ಗೊತ್ತು.

“ಈ ಅಕ್ಷರ ನೋಡ್ರಿ ಸರ್. ಕೈಯಾಗ ಜೀವಾನೇ ಇಲ್ಲ.”

ನನ್ನ ಅಕ್ಷರ! “ಅಕಿ ಎಡಚಿ ಅದಾಳ್ರಿ!” ಎಂದುಬಿಟ್ಟೆ.

“ಕ್ಲಾಸಿನ್ಯಾಗ ಬಲಗೈಲೆ ಬರೀತಾಳಲ್ರಿ.” ಮೇಡಂ ದನಿ ತಗ್ಗಿಸಿದರು. “ಕೈ ಬದಲ್ ಮಾಡು ಅಂತ ಮನ್ಯಾಗ ಯಾರರ ಬಡಿತಾರೇನ್ರಿ?”

ನನ್ನ ಕಡೆಯೇ ನೋಡುತ್ತ ವಹಿಯಲ್ಲಿ ಏನೋ ಬರೆದುಕೊಂಡರು. ಸುವರ್ಣಾ ತಲೆ ಎತ್ತಿ ಛಾವಣಿ ನೋಡತೊಡಗಿದಳು.

“ಮತ್ತ ಈ ಎಮ್ಮಿ ಚಿತ್ರ ಯಾಕ ಬಿಡಿಸ್ಯಾಳೋ...”

“ಅದು ಎಮ್ಮಿ ಅಲ್ಲರಿ, ಖಾಜಾ ಚಾಚಾ!” ಎಂದು ಕೂಗಿದೆ.

“ಹೌದ್ರಿ? ನಾವ್ ನಾಕು ಮಂದಿ ನೋಡಿದ್ವಿ, ಯಾರಿಗೂ ತಿಳೀಲಿಲ್ಲ. ನಿಮಗ ಹ್ಯಾಂಗ ತಿಳೀತ್ರಿ?”

ಮೇಡಂ ಭಾಗ್ಯಾಳ ಕಡೆ ತಿರುಗಿ, “ಪುಟ್ಟಾ, ಇದು ನೀನೇ ಬರದಿಯೇನು?” ಎಂದರು. ಅವಳು ನನ್ನನ್ನು ನೋಡಿದಳು, ತುಟಿ ಬಿಗಿಹಿಡಿದಳು. ಕಣ್ಣು ತುಂಬಿದವು, ಆದರೆ ಅಪ್ಪನಿಗೆ ಕೊಟ್ಟ ಮಾತು ಮುರಿಯಲಿಲ್ಲ. ‘ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ’ ಎಂದು ಮೇಡಂ ವಹಿಯಲ್ಲಿ ಹೊಸ ಸಾಲು ಸೇರಿಸುವುದು ನನಗೆ ಕಂಡಿತು.

“ಬರೀಬ್ಯಾಡ್ರಿ!” ಎಂದೆ. “ನಾನೇ ಬರದೀನ್ರಿ. ಎಡಗೈಲೆ.”

ಇಪ್ಪತ್ತೆರಡು ವರ್ಷಗಳ ಸೇವೆ ಆ ಹಳದಿ ಕುರ್ಚಿಯ ಮೇಲೆ ಮುಗಿಯಿತು. ಮೇಡಂ ನಗಲಿಲ್ಲ, ನಕ್ಕಿದ್ದರೆ ಸಿಟ್ಟಾದರೂ ಆಗಬಹುದಿತ್ತು. ಭಾಗ್ಯಾ ಮೆಲ್ಲಗೆ ಬ್ಯಾಗ್ ತೆಗೆದು, ತನ್ನ ಎರಡು ಪುಟಗಳನ್ನು ಅವರ ಮುಂದಿಟ್ಟಳು. ಮೇಡಂ ಗಟ್ಟಿಯಾಗಿ ಓದಿದರು.

‘ಹತ್ತಿ ಮೂಗಿನೊಳಗೆ ಹೋಗುತ್ತದೆ. ಅದಕ್ಕೆ ಚಾಚಾ ಚಾಚಿಯ ಹಳೆಯ ದುಪ್ಪಟ್ಟಾ ಕಟ್ಟಿಕೊಳ್ಳುತ್ತಾರೆ. ನಿಮ್ಮ ಗಾದಿ ಯಾರು ಹೊಲಿದರು ಎಂದು ಕೇಳಿದೆ. ಚಾಚಾ ನಕ್ಕರು. ಅವರು ಚಾಪೆಯ ಮೇಲೆ ಮಲಗುತ್ತಾರೆ. ಗಾದಿ ಮೇಲೆ ಮಲಗಿದರೆ ಹೊಲಿಗೆ ಸರಿ ಇದೆಯೋ ಇಲ್ಲವೋ ಎಂದು ಕೈ ಆಡಿಸುತ್ತ ನಿದ್ದೆ ಬರುವುದಿಲ್ಲವಂತೆ.’

ಇಂಥ ಒಂದು ಪುಟಕ್ಕಾಗಿ ಇಪ್ಪತ್ತೆರಡು ವರ್ಷ ಉತ್ತರಪತ್ರಿಕೆಗಳಲ್ಲಿ ಹುಡುಕಿದ್ದೇನೆ. ಮನೆಯಲ್ಲೇ ಸಿಕ್ಕಾಗ ಪೀಠಿಕೆ ಇಲ್ಲವೆಂದು ಪಕ್ಕಕ್ಕಿಟ್ಟಿದ್ದೆ. ನಾಚಿಕೆಯಾಯಿತು.

ಫ್ರಾಕು ಟ್ರಂಕಿನಿಂದ ಹೊರಗೆ ಬಂತು. ಭಾಗ್ಯಾ ಹುಮನಾಬಾದಿನ ವೇದಿಕೆಯ ಮೇಲೆ ಓದಿದಳು. ಮುಂದಿನ ಸಾಲಿನಲ್ಲಿ ಕೂತ ಖಾಜಾ ಚಾಚಾ ಓದು ಮುಗಿಯುವ ಮೊದಲೇ ಚಪ್ಪಾಳೆ ಹೊಡೆದರು. ಆಮೇಲೆ ಅವರಿಗೆ ನನ್ನ ಚಿತ್ರವನ್ನೂ ಯಾರೋ ತೋರಿಸಿದರು. “ಎಮ್ಮಿ ಛಲೋ ಅದ, ಮಾಸ್ತರ್ ಸಾಬ್,” ಎಂದರು!

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಸ್ಕೂಲಿನಲ್ಲಿ ಪ್ರೋಗ್ರಾಂಗಳಿಗೆ ಬರವೇ?

“ಪಾಲಕರಿಗೂ ಸಪೋರ್ಟ್ ಕ್ಲಾಸ್ ಅದರಿ ಸರ್. ಶನಿವಾರ ಮಧ್ಯಾಹ್ನ ಬರ್ರಿ,” ಎಂದರು ಸಂಧ್ಯಾ ಮೇಡಂ.

ಈಗ ಪ್ರತಿ ಶನಿವಾರ ಅದೇ ಹಳದಿ ಕುರ್ಚಿ. ಮೊದಲ ವಾರವೇ ಹೋಂವರ್ಕ್ ಕೊಟ್ಟರು: ‘ನನ್ನ ಮಗುವಿನಿಂದ ನಾನು ಕಲಿತದ್ದು, ಒಂದು ಪುಟ, ಸ್ವಂತ ಮಾತಿನಲ್ಲಿ.’ ಮನೆಯಲ್ಲಿ ಕೂತು ಪೀಠಿಕೆ ಬರೆದೆ, ಹೊಡೆದುಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾಗ್ಯಾಳಿಗೆ ನನ್ನ ಮೇಲೆ ಕನಿಕರ ಹುಟ್ಟಿತು.

“ಕೊಡು ಪಪ್ಪಾ, ನೀ ಏನೇನು ಬರೀಬೇಕು ನಾ ಹೇಳ್ತೀನಿ. ಮೇಡಂಗ ಹೇಳಂಗಿಲ್ಲ.”

ಛೇ, ಅದು ತಪ್ಪು ಎಂದು ಅವಳಿಗೆ ದೀರ್ಘವಾಗಿ ಬುದ್ಧಿ ಹೇಳಿದೆ. ಆಮೇಲೆ ಅವಳು ಹೇಳಿದ್ದನ್ನು ಬರೆದುಕೊಂಡೆ.

ಮುಂದಿನ ಶನಿವಾರ ಮೇಡಂ ನನ್ನ ಹಾಳೆಯ ಮೇಲೆ ಚಿನ್ನದ ಬಣ್ಣದ ಸ್ಟಾರ್ ಅಂಟಿಸಿದರು. “ನೋಡ್ರಿ ಸರ್,” ಎಂದರು, “ಸ್ವಂತ ಬರದ್ರ ಎಷ್ಟ್ ಚಂದ ಬರೀತೀರಿ!”