ಹಿಂದಿನ ಸೀಟಿನಲ್ಲಿ ನಾದಿನಿ

ಊರು ಬಿಟ್ಟು ಹೊರಟವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಮನೆಯಲ್ಲಿ ಕೂತವರಿಗೂ ಆಗುತ್ತದೆ, ಆದರೆ ಅವರು ಅದನ್ನು ನೆಂಟರ ತಲೆಗೆ ಕಟ್ಟಿ ಸುಮ್ಮನಾಗಬಹುದು. ನನ್ನ ಪಾಲಿಗೆ ಎರಡೂ ಒಟ್ಟಿಗೆ ಬಂದವು. ಊರನ್ನೂ ಬಿಟ್ಟೆ, ನೆಂಟರನ್ನೂ ಕರೆದುಕೊಂಡೇ ಹೋದೆ.

ನಾನು ಬಹಳ ವರ್ಷ ಟೂರ್ ಮ್ಯಾನೇಜರ್ ಆಗಿದ್ದವಳು. ಠಾಣೆ, ಕಲ್ಯಾಣ, ವಾಶಿಯ ಜನರನ್ನು ಬಸ್ಸಿನಲ್ಲಿ ತುಂಬಿಕೊಂಡು ಯುರೋಪು, ಸಿಂಗಾಪುರ, ಈಜಿಪ್ಟ್ ತೋರಿಸಿದೆ. ಆ ಕೆಲಸದ ಮುಕ್ಕಾಲು ಭಾಗ ತಲೆ ಎಣಿಸುವುದು. ಪಿರಮಿಡ್ಡಿನ ಎದುರು ನಿಂತು ಜನ ಫೋಟೋ ತೆಗೆದುಕೊಳ್ಳುತ್ತಿದ್ದರೆ ನಾನು ಪಿರಮಿಡ್ಡಿಗೆ ಬೆನ್ನು ಹಾಕಿ ತಲೆ ಎಣಿಸುತ್ತಿದ್ದೆ. ಯಾರನ್ನೂ ಎಲ್ಲಿಯೂ ಬಿಟ್ಟು ಬಂದದ್ದಿಲ್ಲ. ಈ ಮಾತು ಸ್ವಲ್ಪ ನೆನಪಿರಲಿ.

ಕೆಲಸ ಬಿಟ್ಟ ಮೇಲೆ ಒಂದು ಹಳೆಯ ಮೋಟಾರ್‌ಸೈಕಲ್ ಕೊಂಡೆ. ವಿಯೆಟ್ನಾಮಿನಲ್ಲಿ ತಿಂಗಳುಗಟ್ಟಲೆ ಒಬ್ಬಳೇ ಓಡಿಸಬೇಕು, ಯಾರ ತಲೆಯನ್ನೂ ಎಣಿಸದೆ ತಿರುಗಬೇಕು ಅಂತ ಆಸೆ. ಗಂಡನದು ಡೊಂಬಿವಲಿ ಸ್ಟೇಶನ್ ಹತ್ತಿರ ಸಣ್ಣ ಉಡುಪಿ ಹೋಟೆಲ್. ಅವರನ್ನು ಕೇಳಿದರೆ, "ಅಮ್ಮನ ಹತ್ತಿರ ಕೇಳು" ಅಂದರು. ಮದುವೆಯಾದ ದಿನದಿಂದ ಎಲ್ಲಾ ವಿಷಯದಲ್ಲೂ ಅವರ ಅಭಿಪ್ರಾಯ ಇದೇ.

ಅತ್ತೆ ಯೋಚಿಸಿ ಹೇಳಿದರು: "ಗಾಡಿಗೆ ನನ್ನ ಅಡ್ಡಿ ಇಲ್ಲ. ಪರದೇಶಕ್ಕೂ ಇಲ್ಲ. ಒಬ್ಬಳೇ ಹೋಗ್ಲಿಕ್ಕೆ ಆಗ್ತದಾ ಅಂತ ಮಾತ್ರ ನನ್ನ ಸಂಶಯ. ಮೊದಲು ಎಲ್ಲಿಗಾದರೂ ಹತ್ತಿರ ಹೋಗಿ ಬಾ. ಇವಳು ಹಿಂದೆ ಕೂತು ಕಣ್ಣಾರೆ ನೋಡಿ ಬರಲಿ. ಆಗ್ತದೆ ಅಂತ ಇವಳು ಹೇಳಿದರೆ ಹೋಗು. ಇಲ್ಲದಿದ್ದರೆ ಆ ಗಾಡಿ ಮಾರಿ ಹೋಟೆಲಿಗೆ ಹೊಸ ಗ್ರೈಂಡರ್ ತರುವಾ."

ಇವಳು ಅಂದರೆ ನನ್ನ ನಾದಿನಿ, ಗಂಡನ ತಂಗಿ. ಮೂವತ್ತು ವರ್ಷ ಡೊಂಬಿವಲಿಯಿಂದ ಮುಂಬಯಿಗೆ ಲೋಕಲ್ ಟ್ರೇನಿನಲ್ಲಿ ಆಫೀಸಿಗೆ ಹೋಗಿ ಬಂದು ಈಗಷ್ಟೇ ರಿಟೈರ್ ಆದವಳು. ಒಬ್ಬಳೇ ಹೋಗಲು ಆಗುತ್ತದೋ ಇಲ್ಲವೋ ಅಂತ ಇಬ್ಬರು ಹೋಗಿ ನೋಡಿ ಬರುವ ಈ ಏರ್ಪಾಡು ಮನೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ವಿಯೆಟ್ನಾಮಿಗಿಂತ ಹತ್ತಿರವೆಂದು ಥಾಯ್ಲೆಂಡಿನ ಉತ್ತರಕ್ಕೆ, ಚಿಯಾಂಗ್ ಮಾಯ್‌ನಿಂದ ಪಾಯ್ ಎಂಬ ಬೆಟ್ಟದ ಊರಿಗೆ ಹೋಗಿ ಬರುವುದೆಂದು ತೀರ್ಮಾನವಾಯಿತು.

ಪರ್ಮಿಟ್

ಹೊರದೇಶದಲ್ಲಿ ಗಾಡಿ ಓಡಿಸಲು ಬೇಕಾದ ಪರ್ಮಿಟ್ಟಿಗೆ ಆರ್‌ಟಿಓ ಕಚೇರಿಗೆ ಹೋದೆ. ಕಿಟಕಿಯ ಆಚೆ ಕೂತಿದ್ದ ಸಾಹೇಬರು ಸಭ್ಯರು. ನನ್ನ ಕಾಗದ ನೋಡಿ, "ಮಗನಿಗಾ?" ಅಂದರು.

"ನನಗೇ."

"ಸ್ಕೂಟಿ?"

"ಗೇರಿನ ಗಾಡಿ."

ಅವರು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ನನ್ನನ್ನು ನೋಡಿದರು. "ಮತ್ತೆ ಮಿಸ್ಟರ್?"

"ಅವರು ಬರುವುದಿಲ್ಲ. ಹೋಟೆಲ್ ಇದೆ, ಸ್ಟೇಶನ್ ಹತ್ತಿರ." ಹೋಟೆಲಿನ ಹೆಸರು ಹೇಳಿದೆ.

ಸಾಹೇಬರ ಮುಖದಲ್ಲಿ ಮೊದಲ ಸಲ ಗಾಬರಿ ಕಾಣಿಸಿತು. "ಅಲ್ಲಿಯ ಇಡ್ಲಿ ನಾನು ದಿನಾ ತಿನ್ನುತ್ತೇನೆ ಮೇಡಂ. ನೀವು ಎಲ್ಲಿಗೆ ಬೇಕಾದರೂ ಹೋಗಿ. ಅವರನ್ನು ಮಾತ್ರ ಕರೆದುಕೊಂಡು ಹೋಗಬೇಡಿ."

ನಾಲ್ಕನೆಯ ಸೀಟು

ಹೊರಡುವ ಮೊದಲು ನಾದಿನಿಗೆ ಹಿಂದೆ ಕೂರುವ ಅಭ್ಯಾಸ ಮಾಡಿಸಬೇಕಿತ್ತು. ಭಾನುವಾರ ಬೆಳಿಗ್ಗೆ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಗೆ ಕರೆದುಕೊಂಡು ಹೋದೆ.

ಲೋಕಲ್ ಟ್ರೇನಿನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ವರು ಕೂರುವುದು ಪದ್ಧತಿ. ನಾಲ್ಕನೆಯವರಿಗೆ ಸಿಗುವುದು ನಾಲ್ಕು ಬೆರಳಿನಷ್ಟು ಜಾಗ. ಉಳಿದ ದೇಹ ಗಾಳಿಯಲ್ಲಿ. ಮೂವತ್ತು ವರ್ಷ ಹಾಗೆ ಕೂತು ಬಂದ ನಾದಿನಿ ನನ್ನ ಗಾಡಿಯ ಮೇಲೂ ಒಂದು ಅಂಚಿನಲ್ಲಿ, ಅರ್ಧವೇ ಕೂತಳು.

"ಸರಿಯಾಗಿ ಕೂರು ಮಾರಾಯ್ತಿ. ಇಡೀ ಸೀಟು ನಿನ್ನದೇ."

"ಇರ್ಲಿ ಅತ್ತಿಗೆ, ಅಡ್ಜಸ್ಟ್ ಆಗ್ತದೆ."

ಎರಡನೆಯ ಅಭ್ಯಾಸ ಇದಕ್ಕಿಂತ ಅಪಾಯದ್ದು. ಟ್ರೇನು ಪೂರ್ತಿ ನಿಲ್ಲುವ ತನಕ ಕಾದರೆ ಹತ್ತುವವರು ನಿಮ್ಮನ್ನು ಒಳಕ್ಕೆ ದೂಡಿಕೊಂಡು ಮುಂದಿನ ಸ್ಟೇಶನ್ನಿಗೆ ಒಯ್ಯುತ್ತಾರೆ. ಹಾಗಾಗಿ ಡೊಂಬಿವಲಿಯ ಹೆಂಗಸರು ವೇಗ ಇಳಿಯುತ್ತಿದ್ದ ಹಾಗೇ ಇಳಿದುಬಿಡುತ್ತಾರೆ. ನಾನು ಚಹಾಕ್ಕೆಂದು ಬದಿಗೆ ತೆಗೆದು ನಿಲ್ಲಿಸಿ, "ಇಳಿ" ಅಂತ ಹಿಂದೆ ತಿರುಗಿದರೆ ಅವಳು ಆಗಲೇ ಚಹಾದ ಅಂಗಡಿಯ ಎದುರು ನಿಂತು ಎರಡು ಕಟಿಂಗ್ ಚಹಾ ಹೇಳಿ ಆಗಿತ್ತು.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಬಸ್ಸಿನ ಕಂಡಕ್ಟರ್ ಲೆಕ್ಕ. ಗಾಡಿಯ ಹಿಂದಿನ ಕಂಬಿಗೆ ಅವಳು ಬಳೆಯಿಂದ ಒಮ್ಮೆ ಬಡಿದರೆ ನಿಲ್ಲಿಸಬೇಕು, ಎರಡು ಸಲ ಬಡಿದರೆ ಹೋಗಬೇಕು.

"ಡಬಲ್ ಬೆಲ್ ಕೊಡದೆ ನೀವು ಗಾಡಿ ಬಿಡಬಾರದು," ಅಂದಳು.

"ಡಬಲ್ ಬೆಲ್ ಬಿದ್ದ ಮೇಲೆ ನೀನು ಇಳಿಯಬಾರದು," ಅಂದೆ.

ಬೆಲ್ಲಿನ ಮೊದಲು ಇಳಿದರೆ ಏನು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಅಷ್ಟು ಹೊತ್ತಿಗೆ ಅವಳು ಇನ್ನೆರಡು ಕಟಿಂಗ್ ಹೇಳಿದ್ದಳು.

ನಿಂಬೆಹಣ್ಣು

ಚಿಯಾಂಗ್ ಮಾಯ್‌ನಲ್ಲಿ ಗಾಡಿ ಬಾಡಿಗೆಗೆ ಕೊಡುವವಳು ನಮ್ಮ ವಯಸ್ಸಿನ ಹೆಂಗಸು. ಅಂಗಳ ಕನ್ನಡಿಯ ಹಾಗಿತ್ತು. ಗಾಡಿಯ ಹಿಂದೆ ಸಾಮಾನಿಗೆ ಒಂದು ತಗಡಿನ ಡಬ್ಬಿ ಕೂರಿಸಿದ್ದರು. ನಾದಿನಿ ಅದಕ್ಕೆ ಬಳೆ ತಾಗಿಸಿ ನೋಡಿ, "ಬೆಲ್ ಒಳ್ಳೆದುಂಟು," ಅಂದಳು.

ಆಮೇಲೆ ಚೀಲದಿಂದ ಎರಡು ನಿಂಬೆಹಣ್ಣು ತೆಗೆದು ಒಂದನ್ನು ಮುಂದಿನ ಚಕ್ರದ ಕೆಳಗೆ, ಒಂದನ್ನು ಹಿಂದಿನದರ ಕೆಳಗೆ ಇಟ್ಟಳು.

"ಬಾಡಿಗೆ ಗಾಡಿಗೂ ಬೇಕಾ?"

"ಬೀಳುವುದು ನಾವಲ್ವಾ."

ನಾನು ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ಅಂಗಡಿಯವಳು ಓಡಿ ಬಂದಳು. ಪಾಪ, ಚೀಲದಿಂದ ಬಿದ್ದು ಉರುಳಿದೆ ಅಂದುಕೊಂಡಳು. ಎರಡನ್ನೂ ಹೆಕ್ಕಿ, ಒರೆಸಿ, ನಾದಿನಿಯ ಕೈಗೆ ಕೊಟ್ಟು ಕೈಮುಗಿದಳು. ನಾದಿನಿಯೂ ಕೈಮುಗಿದು ಪುನಃ ಚಕ್ರದ ಕೆಳಗಿಟ್ಟಳು. ಅವಳು ಪುನಃ ಹೆಕ್ಕಿದಳು. ಈ ಸಲ ತೊಳೆದುಕೊಂಡು ಬಂದಳು. ಇವಳು ಪುನಃ ಇಟ್ಟಳು.

ಮೂರನೆಯ ಸಲ ಅಂಗಡಿಯವಳು ನಿಂಬೆಹಣ್ಣು ತೆಗೆದುಕೊಂಡು ಒಳಗೆ ಹೋದವಳು ಸುಮಾರು ಹೊತ್ತು ಬರಲೇ ಇಲ್ಲ. ಬಂದಾಗ ಕೈಯಲ್ಲಿ ಎರಡು ಗ್ಲಾಸು ಶರಬತ್ತಿತ್ತು, ಐಸು ಹಾಕಿದ್ದು.

ನಾದಿನಿ ನಿಂತಲ್ಲೇ ಅರ್ಧ ಕುಡಿದು ಹೇಳಿದಳು: "ನಮ್ಮಲ್ಲಿಯ ಪೂಜೆಗಿಂತ ಇದೇ ಲಾಯ್ಕುಂಟು."

ಹಾರ್ನು

ಅಲ್ಲಿಯೂ ಗಾಡಿ ಓಡುವುದು ನಮ್ಮ ಹಾಗೆ ಎಡಬದಿಯಲ್ಲಿ. ಹಾಗಾಗಿ ಎಲ್ಲಾ ನಮ್ಮ ಹಾಗೇ ಅಂತ ನಾನು ತಿಳಿದೆ. ಬೆಟ್ಟ ಹತ್ತುವಾಗ ಮುಂದೆ ಒಂದು ಪಿಕಪ್ ಗಾಡಿ ನಿಧಾನ ಹೋಗುತ್ತಿತ್ತು. ಕಲ್ಯಾಣ್-ಶಿಲ್ ರಸ್ತೆಯಲ್ಲಿ ಹೊಡೆಯುವ ಹಾಗೆ ಸಣ್ಣದಾಗಿ ಎರಡು ಹಾರ್ನು ಹೊಡೆದೆ. ನಮ್ಮಲ್ಲಿ ಅದನ್ನು ಯಾರೂ ಹಾರ್ನು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪಿಕಪ್ ಬದಿಗೆ ನಿಂತಿತು. ಒಬ್ಬ ಮುದುಕ ಇಳಿದು ಓಡಿ ಬಂದು ನಮ್ಮನ್ನು ತಡೆದ. ಮುಖದಲ್ಲಿ ಕಳವಳ. ನನ್ನ ಮುಂದಿನ ಚಕ್ರ ಒತ್ತಿ ನೋಡಿದ, ಹಿಂದಿನದು ನೋಡಿದ, ಬಗ್ಗಿ ಇಂಜಿನ್ನಿಗೆ ಕಿವಿ ಕೊಟ್ಟ. ಕಷ್ಟ ಬಂದರೆ ಮಾತ್ರ ಅಲ್ಲಿ ಹಾರ್ನು ಹೊಡೆಯುವುದೆಂದು ನನಗೆ ಆಗ ಗೊತ್ತಾಯಿತು.

"ಡೊಂಬಿವಲಿಯಲ್ಲಿ ಇದು ಉಸಿರಾಡಿದ ಹಾಗೆ ಅಂತ ಹೇಳಿ ಅತ್ತಿಗೆ," ಅಂದಳು ನಾದಿನಿ.

ಯಾವ ಭಾಷೆಯಲ್ಲಿ ಹೇಳುವುದು. ಗಾಡಿಗೆ ಏನೂ ಆಗಿಲ್ಲ ಅಂತ ಕೈಸನ್ನೆಯಲ್ಲಿ ಹೇಳಿದೆ. ಹಾಗಾದರೆ ಹಸಿವಾಗಿರಬೇಕು ಅಂತ ಅವನು ತೀರ್ಮಾನಿಸಿದ. ಪಿಕಪ್ಪಿನಿಂದ ಒಂದು ಚಿಪ್ಪು ಬಾಳೆಹಣ್ಣು ತಂದು ಕೊಟ್ಟು, ಬೆನ್ನು ತಟ್ಟಿ ಹೋದ.

ನಾಚಿಕೆಯಾಗಿ ಆಮೇಲೆ ನಾನು ಹಾರ್ನು ಮುಟ್ಟಲಿಲ್ಲ. ಹಣ್ಣು ಮುಗಿದ ಮೇಲೆ ಹಿಂದಿನಿಂದ ಮೆಲ್ಲಗೆ ಕೇಳಿಸಿತು: "ಅತ್ತಿಗೆ, ಊಟದ ಹೊತ್ತಾಯ್ತು. ಒಂದು ಹಾರ್ನು ಹೊಡೀರಿ."

ನಾಕಾ

ಟೂರ್ ಮ್ಯಾನೇಜರಿನ ಒಂದು ಚಟ ನನ್ನನ್ನು ಬಿಟ್ಟಿರಲಿಲ್ಲ. ನಾವು ಇಳಿದುಕೊಳ್ಳುವ ಗೆಸ್ಟ್‌ಹೌಸಿನ ಕಾರ್ಡನ್ನು ದಾರ ಹಾಕಿ ನಾದಿನಿಯ ಕುತ್ತಿಗೆಗೆ ತೂಗುಹಾಕಿದ್ದೆ. "ನಾನೆಂತ ಪ್ಲೇಗ್ರೂಪಿನ ಮಗುವಾ?" ಅಂತ ಅವಳು ಬೈದಿದ್ದಳು. ಫೋನು, ಪರ್ಸು ಮಾತ್ರ ಕಳ್ಳರ ಭಯಕ್ಕೆ ತಗಡಿನ ಡಬ್ಬಿಯಲ್ಲಿ ಭದ್ರವಾಗಿ ಇಟ್ಟಿದ್ದಳು.

ಪಾಯ್‌ಗೆ ಇನ್ನೂ ಸುಮಾರು ದೂರವಿರುವಾಗ ಬೆಟ್ಟದ ತಿರುವಿನಲ್ಲಿ ಒಂದು ತಪಾಸಣೆಯ ನಾಕಾ ಬಂತು. ಉದ್ದನೆಯ ಮಾಡು, ಕೆಳಗೆ ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಬೆಂಚು. ದೂರದಿಂದ ನೋಡಿದರೆ ಥೇಟ್ ಪ್ಲಾಟ್‌ಫಾರ್ಮ್. ನಾನು ವೇಗ ಇಳಿಸಿ, ಕಾಲೂರಿ ನಿಂತೆ. ಎದುರಿನ ಕಾವಲಿನವನು ಪರ್ಮಿಟ್ ನೋಡಿ ಮರಳಿಸಿದ. ಇನ್ನೊಬ್ಬ ಹಿಂದೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮುಚ್ಚಿದ. ಅಡ್ಡಗೋಲು ಮೇಲೆ ಹೋಯಿತು. ಹಿಂದೆ ಡಬ್ಬಿಯ ಮೇಲೆ ಟಣ್ ಟಣ್ ಅಂತ ಸದ್ದಾಯಿತು. ನಾನು ಹೊರಟೆ.

ಅಲ್ಲಿಂದ ಮುಂದೆ ಗಾಡಿ ಹೂವಿನ ಹಾಗೆ ಓಡಿತು. ತಿರುವುಗಳಲ್ಲಿ ಭಾರವೇ ಇಲ್ಲ. ಅಂತೂ ಕೈ ಪಳಗಿತು ಅಂದುಕೊಂಡೆ. ಹಿಂದಿನವಳಿಗೆ ಕೇಳಲಿ ಅಂತ ಗಟ್ಟಿಯಾಗಿ, "ನೋಡು, ಈ ತಿರುವು ಹೇಗೆ ತೆಗೆದೆ. ಅಮ್ಮನಿಗೆ ಇದನ್ನು ಹೇಳು," ಅಂದೆ. ಉತ್ತರ ಬರಲಿಲ್ಲ. ಆಕ್ಷೇಪ ಇದ್ದರೆ ತಕ್ಷಣ ಹೇಳುವವಳು. ಸುಮ್ಮನಿದ್ದಾಳೆ ಅಂದರೆ ಒಪ್ಪಿದ ಹಾಗೆ. ಇನ್ನಷ್ಟು ಉಪದೇಶ ಮಾಡುತ್ತಾ ಪಾಯ್ ತಲುಪಿದೆ.

ಗೆಸ್ಟ್‌ಹೌಸಿನ ಯಜಮಾನಿ ಹೊರಗೆ ಬಂದು ನಕ್ಕು ಎರಡು ಬೆರಳು ತೋರಿಸಿದಳು.

"ಹೌದು, ಇಬ್ಬರು," ಅಂದೆ.

ಅವಳು ನನ್ನ ಬೆನ್ನ ಹಿಂದೆ ಇಣುಕಿ, ಒಂದು ಬೆರಳು ಮಡಚಿದಳು. ಆಗ ನಾನು ತಿರುಗಿ ನೋಡಿದೆ.

ನಲವತ್ತು ತಲೆ ಇದ್ದಾಗ ತಪ್ಪದ ಎಣಿಕೆ ಒಂದೇ ತಲೆ ಇದ್ದಾಗ ತಪ್ಪಿತ್ತು.

ಬಂದ ದಾರಿಯಲ್ಲೇ ಗಾಡಿ ತಿರುಗಿಸಿದೆ. ಪ್ರತಿ ತಿರುವಿನಲ್ಲಿ ಕೆಳಗೆ ಇಣುಕುತ್ತಾ ಹೋದೆ. ಮೊದಲು ಅವಳ ಚಿಂತೆ. ಭಾಷೆ ಇಲ್ಲ, ಫೋನಿಲ್ಲ, ಪರ್ಸಿಲ್ಲ. ಅವಳು ಹೇಗಾದರೂ ಬದುಕಿಕೊಳ್ಳುತ್ತಾಳೆ ಅಂತ ಧೈರ್ಯ ತಂದುಕೊಂಡಾಗ ಕಿವಿಯಲ್ಲಿ ಗ್ರೈಂಡರ್ ತಿರುಗುವ ಸದ್ದು ಶುರುವಾಯಿತು.

ನಾಕಾದ ಕಾವಲಿನವರು ನನ್ನನ್ನು ಕಂಡದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಕುತ್ತಿಗೆಯ ಕಾರ್ಡನ್ನು ಅಭಿನಯಿಸಿದ, ಸ್ಟಿಯರಿಂಗ್ ಹಿಡಿದ, ಕ್ಯಾಬೇಜಿನಷ್ಟು ದೊಡ್ಡ ಉಂಡೆ ತೋರಿಸಿದ, ಮೇಲಕ್ಕೆ ಕೈ ಮಾಡಿದ. ತರಕಾರಿ ಗಾಡಿಯಲ್ಲಿ ಹತ್ತಿಸಿ ಕಳಿಸಿದ್ದಾರೆ. ದಾರಿಯಲ್ಲಿ ಎದುರಿಗೇ ಬಂದಿರಬೇಕು. ನಾನು ಕಣಿವೆಯಲ್ಲಿ ಹುಡುಕುತ್ತಿದ್ದೆ.

ಪುನಃ ಪಾಯ್ ತಲುಪಿದಾಗ ನಾದಿನಿ ಗೆಸ್ಟ್‌ಹೌಸಿನ ಅಡಿಗೆಮನೆಯ ಜಗಲಿಯ ಬೆಂಚಿನಲ್ಲಿ ಕೂತು ಅಲಸಂಡೆ ಹೆಚ್ಚುತ್ತಿದ್ದಳು, ಪಲ್ಯಕ್ಕೆ ಹೆಚ್ಚುವಷ್ಟು ಸಣ್ಣಗೆ. ಸಂಜೆಯ ಟ್ರೇನಿನಲ್ಲಿ ತರಕಾರಿ ಹೆಚ್ಚಿಕೊಂಡೇ ಮನೆ ಮುಟ್ಟುತ್ತಿದ್ದವಳು. ತರಕಾರಿ ಗಾಡಿಯಲ್ಲಿ ಕೈ ಸುಮ್ಮನಿರದೆ ಅಲ್ಲೇ ಹೆಚ್ಚಲು ಶುರು ಮಾಡಿದ್ದಳಂತೆ. ಇಡೀ ಬೆಂಚು ಖಾಲಿ ಇದ್ದರೂ ಅಂಚಿನಲ್ಲೇ ಕೂತಿದ್ದಳು.

"ಎಲ್ಲಿಗೆ ಹೋಗಿದ್ರಿ ಅತ್ತಿಗೆ? ನಾನು ಬಂದು ಎಷ್ಟು ಹೊತ್ತಾಯ್ತು."

ನನಗೆ ಅಳು ಬರುವುದೊಂದು ಬಾಕಿ. "ನೀನು ಇಳಿದದ್ದು ಯಾಕೆ?"

"ಪ್ಲಾಟ್‌ಫಾರ್ಮ್ ಬಂತು, ಸ್ಪೀಡ್ ಕಮ್ಮಿ ಆಯ್ತು, ಇಳಿದೆ. ನೀವು ಹೋದದ್ದು ಯಾಕೆ?"

"ಡಬಲ್ ಬೆಲ್ ಬಿತ್ತು."

"ನಾನು ಕೊಡ್ಲಿಲ್ಲ."

"ಡಬ್ಬಿಯ ಕೊಂಡಿ ಬಿಗಿ ಇತ್ತು ಕಾಣ್ತದೆ. ಕಾವಲಿನವನು ಬಡಿದು ಹಾಕಿದ."

ಅವಳು ಚೂರಿ ಕೆಳಗಿಟ್ಟು ಯೋಚಿಸಿದಳು. "ಹಾಗಾದರೆ ನಿಮ್ಮದು ತಪ್ಪಿಲ್ಲ. ಬೆಲ್ ಬಿದ್ದ ಮೇಲೆ ನಿಲ್ಲಬಾರದು."

"ಅಮ್ಮನ ಹತ್ತಿರ ಎಂತ ಹೇಳ್ತೀ?"

"ಕಂಡದ್ದು ಹೇಳ್ತೇನೆ. ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ."

ವಾಪಸು ಬರುವ ದಾರಿಯುದ್ದಕ್ಕೂ, ವಿಮಾನದಲ್ಲೂ, ಅವಳು ಇದಕ್ಕಿಂತ ಹೆಚ್ಚು ಒಂದು ಮಾತೂ ಆಡಲಿಲ್ಲ. ವಿಮಾನ ನಿಲ್ಲುವ ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ಗಗನಸಖಿಯಿಂದ ಬೈಸಿಕೊಂಡಾಗಲೂ ಆಡಲಿಲ್ಲ.

ಮನೆಯಲ್ಲಿ ಎಲ್ಲರೂ ಕಾದಿದ್ದರು. ಗಂಡ ಹೋಟೆಲು ಬಿಟ್ಟು ಬಂದು ಕೂತಿದ್ದರು. ಕೈಯಲ್ಲಿ ಗ್ರೈಂಡರ್ ಕಂಪೆನಿಯ ಚಿತ್ರದ ಹಾಳೆ. ಅತ್ತೆ ಚಹಾ ಮುಗಿಯುವ ತನಕ ತಾಳಿದರು. ಆಮೇಲೆ ಲೋಟ ಕೆಳಗಿಟ್ಟು ಮಗಳ ಕಡೆ ತಿರುಗಿದರು.

"ಹೇಳು. ಒಬ್ಬಳೇ ಹೋಗ್ಲಿಕ್ಕೆ ಆಗ್ತದಾ ಇವಳಿಗೆ?"

ನಾದಿನಿ ಸೋಫಾದ ಅಂಚಿನಲ್ಲಿ ಇನ್ನೂ ಸ್ವಲ್ಪ ಮುಂದೆ ಸರಿದಳು.

"ಆಗ್ತದೆ ಅಮ್ಮಾ," ಅಂದಳು. "ಒಬ್ಬರೇ ಹೋದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ."