ಹೆಸರು ಹಾಕಿಸಿದ ಡಬರಿ

ಕಲಘಟಗಿಯಲ್ಲಿ ನಮ್ಮ ಮನೆ ಇರುವುದು ದಿಬ್ಬದ ಮೇಲೆ. ನಲ್ಲಿಯ ನೀರು ಕೂಡ ಅಲ್ಲಿಯ ತನಕ ಏರಲು ಹಿಂದೆ ಮುಂದೆ ನೋಡುತ್ತದೆ. ಹೀಗಾಗಿ ನೆರೆ ಪರಿಹಾರ ಕಾರ್ಯದ ನಾಯಕತ್ವ ವಹಿಸಲು ನನ್ನಷ್ಟು ನಿಶ್ಚಿಂತ ಮನುಷ್ಯ ಇಡೀ ಓಣಿಯಲ್ಲಿ ಇರಲಿಲ್ಲ. ಈ ಮಾತನ್ನು ನಾನೇ ಹೇಳಿದೆ. ಯಾರೂ ಅಲ್ಲಗಳೆಯಲಿಲ್ಲ.

ಆ ಮಳೆಗಾಲದಲ್ಲಿ ದುಮ್ಮವಾಡದ ಕಡೆಗೆ ಒಂದು ಹಳ್ಳ ದಂಡೆ ಮೀರಿ ಏಳೆಂಟು ಮನೆಗಳಿಗೆ ನುಗ್ಗಿತ್ತು. ಜನ ಹೇಗೋ ಪಾರಾದರು, ಅಡುಗೆಮನೆಗಳು ಪಾರಾಗಲಿಲ್ಲ. ಅಕ್ಕಿ, ಬೇಳೆ, ಬಿಸ್ಕೀಟು ಕೊಡುವವರು ಸಾಲುಗಟ್ಟಿ ಬಂದರು. ಅಕ್ಕಿ ಬೇಯಿಸಲು ಪಾತ್ರೆ ಮಾತ್ರ ಯಾರೂ ತರಲಿಲ್ಲ. ನಾನು ನಿವೃತ್ತ ಮಾಸ್ತರ. ಬಿಟ್ಟ ಸ್ಥಳ ತುಂಬಿಸುವುದು ನನ್ನ ವೃತ್ತಿಧರ್ಮ. ಕೂಡಲೇ ಭಾಂಡೆ ಸಂಗ್ರಹ ಸಮಿತಿ ರಚಿಸಿದೆ. ಅಧ್ಯಕ್ಷ ನಾನು. ಸದಸ್ಯ, ಬಾಜು ಮನೆಯ ಗೊಬ್ಬರದ ಅಂಗಡಿ ಬಸಣ್ಣ.

ಸದಸ್ಯ ಮೊದಲ ಸಭೆಯಲ್ಲಿಯೇ ತಕರಾರು ತೆಗೆದ.

"ಮಾಸ್ತರ, ಸಿಟ್ಟಾಗಬ್ಯಾಡ್ರಿ. ಹ್ವಾದ ಸಲ ಅರಿವಿ ಕೂಡಿಸಿ ಕೊಟ್ವಿ. ಆಮ್ಯಾಲೆ ನನ್ನ ಚೌಕಳಿ ಅಂಗಿ ಎಲ್ಲಿ ಕಂಡ್ತು? ಕೂಡಿಸಾಕ ಬಂದಿದ್ನಲ್ಲ, ಅವನ ಅಳಿಯನ ಮೈಮ್ಯಾಲೆ."

"ಹಂಗಾರ ನನ್ನ ಮ್ಯಾಲೆ ಸಂಶೇನ?"

"ಸಂಶೇ ಅಲ್ರಿ. ನಿಮಗೂ ಅಳಿಯಾ ಅದಾನಲ್ಲ, ಅದಕ್ಕ ಅಂದೆ."

ಈ ಮಾತು ನನ್ನನ್ನು ಚುಚ್ಚಿತು. ಚುಚ್ಚಿದ ಜಾಗದಿಂದಲೇ ಉಪಾಯವೂ ಹೊಳೆಯಿತು. ಪ್ರತಿಯೊಂದು ಭಾಂಡೆಯ ಮೇಲೆ ಕೊಟ್ಟವರ ಹೆಸರು ಹಾಕಿಸುವುದು, ಕೆಳಗೆ ‘ನೆರೆ ಸಂತ್ರಸ್ತರಿಗೆ’ ಎಂದು ಕೊರೆಸುವುದು. ಒಂದು ಚಮಚ ದಾರಿ ತಪ್ಪಿದರೂ ಅದರ ಮೈಮೇಲಿನ ಬರಹವೇ ಕಳ್ಳನನ್ನು ಹಿಡಿದು ಕೊಡಬೇಕು.

ಇದನ್ನು ಮನೆಯಲ್ಲಿ ಘೋಷಿಸಿದಾಗ ನನ್ನ ಹೆಂಡತಿ ಸುಮಿತ್ರಾ ಬಸಣ್ಣನ ಮನೆಯ ಡಬ್ಬಿಗೆ ಬೆಲ್ಲ ತುಂಬುತ್ತಿದ್ದಳು. ಹಿಂದಿನ ದಿನ ಅದರಲ್ಲಿ ಹುಗ್ಗಿ ಬಂದಿತ್ತು. ಖಾಲಿ ಡಬ್ಬಿ ಹೊಳ್ಳಿ ಕೊಡುವ ಪದ್ಧತಿ ನಮ್ಮ ಕಡೆ ಇಲ್ಲ.

"ಹೆಸರು ಯಾಕ್ರಿ? ಸುಮ್ಮನ ಕೊಟ್ರ ಅದರಾಗ ಅನ್ನ ಬೇಯೂದಿಲ್ಲೇನು?" ಎಂದಳು.

"ಇದಕ್ಕ ಪಾರದರ್ಶಕತೆ ಅಂತಾರ."

"ಸ್ಟೀಲಿನ ಭಾಂಡ್ಯಾಗ ಎಲ್ಲಿಂದ ಬರ್ತೈತ್ರಿ ಅದು?"

ಮಹತ್ಕಾರ್ಯಗಳಿಗೆ ಮನೆಯವರ ಬೆಂಬಲ ಇರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹೆಸರು ಹಾಕಿಸುತ್ತಾರೆ ಎಂದು ಗೊತ್ತಾದದ್ದೇ ತಡ, ಓಣಿಯಲ್ಲಿ ದಾನದ ಹೊಳೆ ಹರಿಯಿತು. ಒಬ್ಬರು ತಾಟಿನ ಮೇಲೆ ಅಜ್ಜನಿಂದ ಮೊಮ್ಮಗನ ತನಕ ಬರೆಸಿ, ಅನ್ನಕ್ಕೆ ಜಾಗ ಇಲ್ಲದಂತೆ ಮಾಡಿದರು. ಬಸಣ್ಣ ದೊಡ್ಡ ಡಬರಿಯನ್ನೇ ಕೊಟ್ಟ. ಅದರ ಸುತ್ತ ತನ್ನ ಅಂಗಡಿಯ ಹೆಸರು ಹಾಕಿಸಿ, ‘ಇಲ್ಲಿ ಎಲ್ಲಾ ತರದ ಗೊಬ್ಬರ ಸಿಗುತ್ತದೆ’ ಎಂದೂ ಕೊರೆಸಿದ. ಅಡುಗೆ ಮಾಡುವ ಡಬರಿ ಅದು.

ಹಂಚುವ ದಿನ ಆ ಡಬರಿ ನೀಲವ್ವನ ಪಾಲಿಗೆ ಬಂತು. ಹಳ್ಳದ ದಂಡೆಯ ಆ ಮನೆಗಳಿಗೆಲ್ಲ ಆಕೆಯೇ ಹಿರಿಯಳು. ಡಬರಿಯನ್ನು ತಿರುಗಿಸಿ ನೋಡಿದಳು.

"ಇದು ಯಾರ ಮನೀದ್ರಿ?"

"ಮ್ಯಾಲೆ ಬರದೈತಲ್ಲ ಯವ್ವಾ. ನಮ್ಮ ಬಸಣ್ಣಾರ ಮನೀದು."

"ಆತ್ರಿ. ಜ್ವಾಕಿಲೆ ಇಟಗೋತೀನಿ."

ಎಂಥ ಕೃತಜ್ಞತೆ ಎಂದುಕೊಂಡು, ಕಣ್ಣು ಒರೆಸಿಕೊಂಡು ಮನೆಗೆ ಬಂದೆ.

ದಸರೆ ಮುಗಿದ ಮೇಲೆ ಒಂದು ಮುಂಜಾನೆ ನಮ್ಮ ಬಾಗಿಲಿಗೆ ಟಂಟಂ ಬಂದು ನಿಂತಿತು. ನೀಲವ್ವ ಇಳಿದಳು. ಹಿಂದೆ ಬಂದ ಹೆಣ್ಣುಮಕ್ಕಳು ಒಂದೊಂದೇ ಭಾಂಡೆ ಇಳಿಸಿದರು. ಎಲ್ಲವೂ ಬೂದಿ ಹಚ್ಚಿ ತಿಕ್ಕಿ ಥಳಥಳ ಹೊಳೆಯುತ್ತಿದ್ದವು. ಡಬರಿಯ ತುಂಬ ಅಕ್ಕಿ, ಚಾ ಕುಡಿಯುವ ವಾಟಗಗಳ ತುಂಬ ಬೇಳೆ, ತಾಟುಗಳಲ್ಲಿ ಬಿಸ್ಕೀಟು.

"ನಿಮ್ಮೋಣಿ ಭಾಂಡೆ ತಂದೀವ್ರಿ ಮಾಸ್ತರ. ಭಾಳ ದಿನ ಇಟಗೊಂಡ್ವಿ, ತಪ್ಪ ತಿಳೀಬ್ಯಾಡ್ರಿ."

"ಅಲ್ಲ ಯವ್ವಾ, ಅವು ನಿಮಗs ಕೊಟ್ಟದ್ದು. ಮತ್ತ ಈ ಅಕ್ಕಿ?"

"ಖಾಲಿ ಭಾಂಡೆ ಹೆಂಗ ಹೊಳ್ಳಿ ಕೊಡೂದ್ರಿ? ಮನ್ಯಾಗ ಪರಿಹಾರದ್ದು ಇತ್ತು, ಅದನ್ನs ತುಂಬೀವಿ."

ಹೊಳ್ಳಿ ಒಯ್ಯಿರೆಂದು ಅಧ್ಯಕ್ಷ ಕೈಮುಗಿದ. ಎಷ್ಟು ಹೇಳಿದರೂ ನೀಲವ್ವ ಒಪ್ಪಲಿಲ್ಲ.

"ನನ್ನ ಮಗನ್ನ ನೋಡಾಕ ಹೆಣ್ಣಿನ ಕಡಿಯವರು ಬಂದಿದ್ರು. ಚಾ ಕುಡದು ವಾಟಗ ಹೊಳ್ಳಿಸಿ ಓದಿದ್ರು. ಮುಂದ ಮಾತs ಆಡಲಿಲ್ಲ. ಮಂದಿ ಹೆಸರಿನ ಭಾಂಡೆ ಇಟಗೊಂಡವರಿಗೆ ಹೆಣ್ಣ ಯಾರ ಕೊಡ್ತಾರ್ರಿ? ನಾಡದ ಮತ್ತ ಬ್ಯಾರೆ ಕಡಿಯವರು ಬರೂರದಾರ. ಮಣ್ಣಿನ ಗಡಗಿ ತಂದ ಮಾಡ್ತೀವಿ, ಅದರಾಗ ಯಾರ ಹೆಸರೂ ಇರೂದಿಲ್ಲ."

ನನ್ನ ಪಾರದರ್ಶಕತೆ ಒಬ್ಬ ಹುಡುಗನ ಮದುವೆಗೆ ಅಡ್ಡ ನಿಂತಿತ್ತು. ಆದರೂ ನಾನು ಧೈರ್ಯಗೆಡುವವನಲ್ಲ. ಹಾಕಿಸಿದ ಹೆಸರನ್ನು ಅಳಿಸಿದರಾಯಿತು! ವೆಲ್ಡಿಂಗ್ ಅಂಗಡಿಯಿಂದ ಉಜ್ಜುವ ಯಂತ್ರ ತಂದು, ಮೊದಲು ಬಸಣ್ಣನ ಡಬರಿಯ ಮೇಲೆ ಪ್ರಯೋಗಿಸಿದೆ. ಹೆಸರು ಹೋಯಿತು. ಹೆಸರಿನ ಹಿಂದಿನ ಸ್ಟೀಲೂ ಹೋಯಿತು. ‘ಗೊಬ್ಬರ’ ಎಂಬ ಒಂದು ಶಬ್ದ ಮಾತ್ರ ಸುರಕ್ಷಿತವಾಗಿ ಉಳಿಯಿತು.

"ಆ ಮಷೀನ ಕೆಳಗ ಇಡ್ರಿ ಮೊದಲ" ಎಂದು ಸುಮಿತ್ರಾ ಅಟ್ಟ ಹತ್ತಿದಳು. ತವರಿನಿಂದ ತಂದ ಭಾಂಡೆಗಳೆಲ್ಲ ಇಳಿದವು. ಸಾಲದಾದಾಗ ಅಡುಗೆಮನೆಯವೂ ಹೊರಗೆ ಬಂದವು. ಅವರು ತಂದ ಅಕ್ಕಿ, ಬೇಳೆಯನ್ನೇ ಅವುಗಳಿಗೆ ತುಂಬಿದಳು.

"ನೀಲವ್ವಾ, ನೀವು ತುಂಬಿ ತಂದೀರಿ, ನಾ ಖಾಲಿ ಕೈಲೆ ಹೆಂಗ ಕಳಸ್ಲಿ? ಇವು ನಮ್ಮಪ್ಪ ಕೊಟ್ಟದ್ದು. ಪುಣ್ಯಾಕ್ಕ ಅವರು ಮಾಸ್ತರ ಆಗಿದ್ದಿಲ್ಲ, ಹೆಸರು ಹಾಕಿಸಿಲ್ಲ."

ನೀಲವ್ವ ನಕ್ಕಳು. ಈ ಲೆಕ್ಕ ಆಕೆಗೆ ತಿಳಿಯುವ ಲೆಕ್ಕವಾಗಿತ್ತು. ಟಂಟಂ ತುಂಬಿಕೊಂಡು ಹೋಯಿತು. ಆಕೆಯ ಮಗನ ಸಂಬಂಧವೂ ಕೂಡಿತು.

ಇತ್ತ ನಮ್ಮ ಮನೆಯಲ್ಲಿ ಚಾ ಕುಡಿಯಲು ಒಂದು ವಾಟಗವೂ ಉಳಿಯಲಿಲ್ಲ. ಹೆಸರಿನ ಭಾಂಡೆಗಳನ್ನು ಓಣಿಯವರಿಗೆ ಹಿಂತಿರುಗಿಸಲು ಹೋದರೆ, "ಕೊಟ್ಟ ದಾನ ಹೊಳ್ಳಿ ತಗೊಳ್ಳೂದಿಲ್ರಿ. ನೀವs ಇಟಗೋರಿ" ಎಂದು ಬಸಣ್ಣ ಎಲ್ಲರ ಪರವಾಗಿ ಹೇಳಿದ. ಇಟ್ಟುಕೊಂಡೆವು.

ಕೆಲವು ದಿನಗಳ ಮೇಲೆ ಹುಬ್ಬಳ್ಳಿಯಿಂದ ಬೀಗರು ಬಂದರು, ಅಂದರೆ ನನ್ನ ಅಳಿಯನ ತಂದೆ. ಚಾ ಕುಡಿದರು. ವಾಟಗ ಹೊಳ್ಳಿಸಿದರು. ಓದಿದರು. ನನ್ನ ಮುಖ ನೋಡಿದರು. ಬಾಜುದಲ್ಲಿ ಕೂತ ಬಸಣ್ಣ ಛಾವಣಿ ನೋಡತೊಡಗಿದ.

"ಬೀಗರ, ನಿಮ್ಮ ಮನಿಗೂ ನೆರೀ ನೀರು ಹೊಕ್ಕಿತ್ತೇನ್ರಿ?"

ನಿಜ ಹೇಳಿದರೆ ದಡ್ಡ, ಹೇಳದಿದ್ದರೆ ಕಳ್ಳ. ಕ್ಷಣಕಾಲ ವಿಚಾರ ಮಾಡಿ, "ಹೊಕ್ಕಿತ್ರಿ, ಭಾಳ ಹೊಕ್ಕಿತ್ತು" ಎಂದೆ.

ಅಷ್ಟರಲ್ಲಿ ಒಳಗಿನಿಂದ ಸುಮಿತ್ರಾ ಕೂಗಿದಳು. "ಏನ್ರಿ, ಇವತ್ತೂ ನಲ್ಲಿ ನೀರು ದಿಬ್ಬ ಹತ್ತವಲ್ದು. ಕೆಳಗ ಹೋಗಿ ಎರಡು ಕೊಡ ತರ್ರಿ."

ಬೀಗರ ಮುಖ ನೋಡದೆ ಕೊಡ ಎತ್ತಿಕೊಂಡು ದಿಬ್ಬ ಇಳಿದೆ. ಕೊಡದ ಮೇಲೂ ‘ನೆರೆ ಸಂತ್ರಸ್ತರಿಗೆ’ ಎಂದು ಬರೆದಿತ್ತು.