ಗೋಧಿ ಕಾಯಿಲೆಗೆ ಮಾತ್ರೆ ಹುಡುಕುತ್ತಿರುವ ವಿಜ್ಞಾನಿಗಳ ಸನ್ನಿಧಿಗೆ

ಸೀಲಿಯಾಕ್ ಎಂಬ ಗೋಧಿ ಕಾಯಿಲೆಗೆ ಮಾತ್ರೆ ಹುಡುಕುತ್ತಿರುವ ಮಾನ್ಯ ವಿಜ್ಞಾನಿಗಳೇ,

ಚನ್ನರಾಯಪಟ್ಟಣದಿಂದ ತೇಜಶ್ರೀ ಮಾಡುವ ಸವಿನಯ ನಮಸ್ಕಾರಗಳು. ತಾವೂ ತಮ್ಮ ಸೂಕ್ಷ್ಮದರ್ಶಕಗಳೂ ಕ್ಷೇಮವೆಂದು ನಂಬಿದ್ದೇನೆ. ರೋಗಿಗಳಿಗೆ ದಿನವೂ ಮಾತ್ರೆಯ ಜೊತೆ ಗೋಧಿ ಬಿಸ್ಕತ್ತು ತಿನ್ನಿಸಿ, ಆಮೇಲೆ ಅವರ ಕರುಳಿನೊಳಗೆ ಇಣುಕಿ, ಮಾತ್ರೆ ಅದನ್ನು ಕಾಪಾಡಿತೋ ಇಲ್ಲವೋ ಎಂದು ತಾವು ಪರೀಕ್ಷಿಸುತ್ತಿರುವುದನ್ನು ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟೆ. ಆದರೆ ಅಷ್ಟೊಂದು ಕಷ್ಟಪಟ್ಟು, ರೋಗಿಗಳ ಒಪ್ಪಿಗೆಯನ್ನೂ ಕೇಳಿಕೊಂಡು ಇದನ್ನು ನಡೆಸುವ ಅಗತ್ಯವೇನಿತ್ತು ಎಂಬುದು ನನ್ನ ಮೊದಲ ದೂರು. ನಮ್ಮ ಕಡೆ ಯಾವುದೇ ಮದುವೆಯ ಪಂಕ್ತಿಯಲ್ಲಿ ಇದು ಯಾರ ಒಪ್ಪಿಗೆಯೂ ಇಲ್ಲದೆ ನಡೆಯುತ್ತದೆ.

ನನ್ನ ತವರು ಕೊಣನೂರು. ಬೇಕರಿ ಇಟ್ಟಿರುವ ಶಿವಕುಮಾರ್ ಅವರನ್ನು ಮದುವೆಯಾಗಿ ಇಲ್ಲಿಗೆ ಬಂದೆ. ಬಂದವಳಿಗೆ ಬನ್ನು, ಬ್ರೆಡ್ಡಿಗೆ ಕೊರತೆಯಾಗಲಿಲ್ಲ. ಕೊರತೆಯಾದದ್ದು ಮೈಯಲ್ಲಿನ ರಕ್ತಕ್ಕೆ. ಹೊಟ್ಟೆಯುಬ್ಬರ, ಭೇದಿ, ಸುಸ್ತು ಬಿಡದಾದವು. ಎರಡು ಸಲ ಬಸಿರು ನಿಲ್ಲಲಿಲ್ಲ. ಅತ್ತೆ ದಾಕ್ಷಾಯಣಮ್ಮನವರು ದೃಷ್ಟಿ ತೆಗೆದರು, ಹರಕೆ ಹೊತ್ತರು, ಶಕ್ತಿ ಬರಲೆಂದು ಬೆಳಗ್ಗೆ ಸಂಜೆ ಬೆಣ್ಣೆ ಬನ್ನು ತಿನ್ನಿಸಿದರು. ಕೊನೆಗೆ ಹಾಸನದ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿ, ಗಂಟಲಿನಿಂದ ಕೊಳವೆ ಇಳಿಸಿ ಕರುಳು ನೋಡಿ, ನನಗೆ ಗೋಧಿಯೇ ಶತ್ರುವೆಂದೂ, ಸದ್ಯಕ್ಕೆ ಇದಕ್ಕೆ ಮದ್ದಿಲ್ಲವೆಂದೂ, ಬದುಕಿರುವ ತನಕ ಗೋಧಿ ಬಿಟ್ಟು ರಾಗಿ, ಅಕ್ಕಿ ಉಣ್ಣಬೇಕೆಂದೂ ಹೇಳಿದರು.

“ಮುದ್ದೆ ಉಣ್ಣು ಅನ್ನುಸ್ಕೊಳಕ್ಕೆ ಆಸನಗಂಟ ಓಗ್ಬೇಕಿತ್ತಾ?” ಎಂದು ಅತ್ತೆಯವರು ಆಸ್ಪತ್ರೆಯ ಬಾಗಿಲಲ್ಲೇ ಕೇಳಿದರು. ಈ ಪ್ರಶ್ನೆಗೆ ತಮ್ಮ ಸಂಶೋಧನೆಯಲ್ಲಿ ಉತ್ತರವಿದ್ದರೆ ದಯಮಾಡಿ ಕಳುಹಿಸಿಕೊಡಬೇಕು.

ಗೋಧಿ ಬಿಟ್ಟೆ. ಮುಖಕ್ಕೆ ಸ್ವಲ್ಪ ಕಳೆ ಬಂತು. ಅಷ್ಟರಲ್ಲಿ ಹೊಳೆನರಸೀಪುರದಲ್ಲಿ ನೆಂಟರ ಮದುವೆ ಬಂತು. ಊಟಕ್ಕೆ ಕುಳಿತಾಗ ಅತ್ತೆಯವರು ತಮ್ಮ ಕೈಯಾರೆ ನನ್ನ ಎಲೆಗೆ ಚಿರೋಟಿ ಇಟ್ಟು, ಸಕ್ಕರೆ ಉದುರಿಸಿ, ಬಾದಾಮಿ ಹಾಲು ಹುಯ್ಯಿಸಿ, “ಒಂದೇ ಒಂದು ತಿನ್ನವ್ವ, ಏನೂ ಆಗಾಕಿಲ್ಲ. ಎಲೆ ಮ್ಯಾಲೆ ಬಿಟ್ರೆ ಎಣ್ಣಿನೋರು ಏನಂದ್ಕತಾರೆ?” ಎಂದರು. ಹೆಣ್ಣಿನ ಕಡೆಯವರು ಏನೂ ಅಂದುಕೊಳ್ಳದಿರಲೆಂದು ತಿಂದೆ. ವಿಜ್ಞಾನದ ದೃಷ್ಟಿಯಿಂದ ಅದೊಂದು ಪರಿಪೂರ್ಣ ಪ್ರಯೋಗ: ಗೋಧಿಯಿತ್ತು, ರೋಗಿಯಿದ್ದಳು, ಸಾಕ್ಷಿಗೆ ಇಡೀ ಪಂಕ್ತಿಯಿತ್ತು, ಮಾತ್ರೆಯೊಂದೇ ಇರಲಿಲ್ಲ.

ಫಲಿತಾಂಶ ವಾಪಸು ಬರುವ ಬಸ್ಸಿನಲ್ಲಿ ಪ್ರಕಟವಾಯಿತು. ಊರು ಸೇರುವ ಮುಂಚೆ ಬಸ್ಸನ್ನು ಮತ್ತೆ ಮತ್ತೆ ನಿಲ್ಲಿಸಬೇಕಾಯಿತು. ರಸ್ತೆಬದಿಯಲ್ಲಿ ನನ್ನ ಹಣೆ ಹಿಡಿದು ನಿಂತ ಅತ್ತೆಯವರ ರೇಷ್ಮೆ ಸೀರೆ ಪೂರ್ತಿ ಹಾಳಾಯಿತು. ಆಸ್ಪತ್ರೆಯಲ್ಲಿ ನನಗೆ ಗ್ಲೂಕೋಸ್ ಹಾಕಿದ ಮೇಲೆ ಅವರು ಅದೇ ಸೀರೆಯಲ್ಲಿ ಪಕ್ಕದಲ್ಲಿ ಕುಳಿತು, ಬಹಳ ಹೊತ್ತು ನನ್ನ ಪಾದ ಸವರಿ, “ನಾನೇ ತಿನ್ನುಸ್ಬುಟ್ನಲ್ಲವ್ವ” ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ನಡೆದದ್ದೇ ನನ್ನ ಎರಡನೇ ದೂರು. ಅತ್ತೆಯವರು ಇಂಗಿನ ಡಬ್ಬಿಯ ಮೇಲಿರುವುದನ್ನು ಮಗನಿಂದ ಓದಿಸಿ, ಅದರಲ್ಲೂ ಗೋಧಿ ಹಿಟ್ಟಿದೆಯೆಂದು ತಿಳಿದು, ಡಬ್ಬಿಯನ್ನು ತಿಪ್ಪೆಗೆಸೆದರು. ಬೇಕರಿ ಮುಚ್ಚಿ ಬರುವ ಅದೇ ಮಗನನ್ನು ಹಿತ್ತಲಲ್ಲೇ ತಡೆದು, “ಮೈದಾ ತೊಳ್ಕೊಂಡು ಒಳಿಕ್ ಬಾರ್ಲಾ” ಎನ್ನುತ್ತಾರೆ. ಆ ಬೇಕರಿಯ ಮಾಲೀಕರು ಚಳಿಯಲ್ಲಿ ನಡುಗುತ್ತ ನೀರು ಹುಯ್ದುಕೊಳ್ಳುತ್ತಾರೆ. ಅರಕಲಗೂಡಿನ ಗೃಹಪ್ರವೇಶವೊಂದರಲ್ಲಿ, ಸಾರಿಗೆ ಯಾವ ಇಂಗು ಹಾಕಿದಿರೆಂದು ಅಡುಗೆಯವರನ್ನು ವಿಚಾರಣೆಗೆ ಒಳಪಡಿಸಿ, ಉತ್ತರ ತೃಪ್ತಿಕರವಲ್ಲದ ಕಾರಣ ಎಲ್ಲರೆದುರು ಚೀಲದಿಂದ ಊಟದ ಡಬ್ಬಿ ತೆಗೆದು ನನ್ನ ಎಲೆಗೆ ಮುದ್ದೆ ಬಡಿಸಿದರು. ಮಾತ್ರೆ ಹುಡುಕುವುದರಲ್ಲಿ ತಡಮಾಡಿರುವ ತಾವೇ ನನ್ನ ಆ ಮುಜುಗರಕ್ಕೆ ಹೊಣೆ.

ಆದ್ದರಿಂದ ಮಾತ್ರೆಯನ್ನು ಬೇಗ ತಯಾರಿಸಬೇಕಾಗಿ ಪ್ರಾರ್ಥನೆ. ಸಾಧ್ಯವಾದರೆ ಅದು ರೋಗಿಗಳ ಬದಲು ಬಡಿಸುವವರು ನುಂಗುವಂಥದ್ದಾಗಿರಲಿ. ನುಂಗಿದ ಕೂಡಲೇ “ಒಂಚೂರು ತಿಂದ್ರೆ ಏನಾಯ್ತದೆ” ಎಂಬ ಮಾತು ಅವರ ಬಾಯಿಗೆ ಬರದಂತಾಗಲಿ. ಈ ಪ್ರಯೋಗಕ್ಕೆ ಬೇಕಾದಷ್ಟು ನೆಂಟರನ್ನು ನಾನು ಒದಗಿಸಬಲ್ಲೆ.

ಅಂದಹಾಗೆ ನಾನೀಗ ತುಂಬು ಬಸುರಿ. ಈ ಸಲ ನಿಂತಿದೆ. ಮೊನ್ನೆ ಸೀಮಂತವಾಯಿತು, ಬೇಕರಿಯವರ ಮನೆಯ ಸಮಾರಂಭದಲ್ಲಿ ಒಂದು ಬಿಸ್ಕತ್ತೂ ಇರಲಿಲ್ಲ, ಬಂದವರೆಲ್ಲ ಅಕ್ಕಿ ತಂಬಿಟ್ಟು ತಿಂದು ಹೋದರು. ಈ ಶುಭದಲ್ಲಿ ತಮ್ಮ ಮಾತ್ರೆಯ ಪಾತ್ರ ಏನೇನೂ ಇಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.

ಮಾತ್ರೆ ಬರುವವರೆಗೂ ಅತ್ತೆಯವರ ಸುಪರ್ದಿನಲ್ಲಿರುವ,
ತಮ್ಮ ವಿಶ್ವಾಸಿ,
ತೇಜಶ್ರೀ

ಮರೆತ ಮಾತು: ಪತ್ರವನ್ನು ಓದಿಸಿಕೊಂಡು ಕೇಳಿದ ಅತ್ತೆಯವರು ತಮ್ಮದೂ ಒಂದು ಪ್ರಶ್ನೆ ಸೇರಿಸಬೇಕೆಂದು ಹಠ ಹಿಡಿದಿದ್ದಾರೆ. ಉತ್ತರ ಬರದೆ ತಮ್ಮ ಮಾತ್ರೆಯನ್ನು ಹೊಸ್ತಿಲು ದಾಟಿಸುವುದಿಲ್ಲವಂತೆ. ಅವರ ಮಾತಿನಲ್ಲೇ ಬರೆಯುತ್ತಿದ್ದೇನೆ: “ಆ ಮಾತ್ರೆ ಗಟ್ಟಿಯಾಗಕ್ಕೆ ಯಾವ ಇಟ್ಟು ಆಕ್ತೀರ ಸಾ?”